ಏಳನೇ ನಂಬರಿನ ಗೊನೆ

ಕಾರಡ್ಕದ ಚೆನ್ನಯ್ಯನಿಗೆ ತೆಂಗಿನ ಮರವೆಂದರೆ ಒಂದು ದಿನವೂ ಹೆದರಿಕೆಯಾದದ್ದಿಲ್ಲ. ಆದರೆ ತೆಂಗಿನ ಹೂವಿಗೆ ಹೆದರಿ ಅವನು ಒಂದೂಕಾಲು ವರ್ಷ ನಿದ್ದೆ ಕೆಟ್ಟ. ಅರುವತ್ತಡಿ ಮೇಲೆ ಗಾಳಿಗೆ ತೂಗುತ್ತ ಬೀಡಿ ಎಳೆಯುವ ಗಂಡಸು ಎರಡಾಳೆತ್ತರದ ಗಿಡ್ಡ ಮರಕ್ಕೆ ಏಣಿ ಇಟ್ಟು ಬೆವರಿದ. ನಗಬೇಡಿ, ಅವನ ಜಾಗದಲ್ಲಿದ್ದರೆ ನಾವು ನೀವೂ ಬೆವರುತ್ತಿದ್ದೆವು.

ಅವನ ಅಪ್ಪ ಶೇಂದಿ ಇಳಿಸುತ್ತಿದ್ದವನು. ಮಗನಿಗೆ ಆಸ್ತಿಯೆಂದು ಬಿಟ್ಟುಹೋದದ್ದು ಒಂದು ಕತ್ತಿ, ಮರ ಹತ್ತುವಾಗ ಕಾಲಿಗೆ ಹಾಕುವ ಒಂದು ತಳೆಬಳ್ಳಿ, ಮತ್ತೆ ಒಂದು ಮಾತು: ಮರದಿಂದ ಏನೇ ಇಳಿಸು, ಮರದ ಪಾಲು ಮರದಲ್ಲೇ ಬಿಡು. ಕಾಯಿ ಕೊಯ್ದರೆ ಒಂದು ಕಾಯಿ, ಶೇಂದಿಗೆ ಕಟ್ಟಿದರೆ ಒಂದು ಹೊಂಬಾಳೆ. ಪೂರಾ ಬೋಳಿಸಿದವನನ್ನು ಮರ ಕೆಳಗೆ ಹಾಕುತ್ತದೆ ಎಂದು ಅಪ್ಪ ನಂಬಿದ್ದ. ಚೆನ್ನಯ್ಯನೂ ನಂಬಿದ್ದ, ಬೀಳದೆ ಇಪ್ಪತ್ತು ವರ್ಷ ಹತ್ತಿದ್ದೇ ಅದಕ್ಕೆ ಸಾಕ್ಷಿ.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಊರಿನ ಹತ್ತಿರದ ಬೀಜದ ತೋಟದಲ್ಲಿ ಅವನಿಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಗಿಡ್ಡ ಜಾತಿಯ ಕೆಂದೆಂಗಿಗೆ ಎತ್ತರದ ಜಾತಿಯ ಹೂವಿನ ಹುಡಿ, ಅಂದರೆ ಪರಾಗ, ಹಾಕಿ ಮಿಶ್ರತಳಿ ಮಾಡುವ ತೋಟ ಅದು. ಅಲ್ಲಿಯ ಕೃಷಿ ಸಹಾಯಕಿ ಪಂಕಜಾಕ್ಷಿ ಮೊದಲ ದಿನವೇ ಒಂದು ಹೊಂಬಾಳೆ ಸೀಳಿ ತೋರಿಸಿದಳು. ಒಳಗೆ ಮೂವತ್ತು ನಲುವತ್ತು ಎಳೆ. ಪ್ರತಿ ಎಳೆಯ ಬುಡದಲ್ಲಿ ಗುಂಡಿಯಂಥ ಒಂದೆರಡು ಹೆಣ್ಣು ಹೂ, ಅಲ್ಲಿಂದ ತುದಿಯವರೆಗೆ ಭತ್ತದ ಕಾಳಿನಷ್ಟು ದೊಡ್ಡ ಗಂಡು ಮೊಗ್ಗುಗಳು, ನೂರಾರು.

"ಈ ಗಂಡು ಮೊಗ್ಗು ಒಂದೂ ಬಿಡಬಾರದು. ಬಿಟ್ಟರೆ ಮರ ತನ್ನ ಹುಡಿಯಲ್ಲೇ ತಾನು ಕಾಯಿ ಕಟ್ಟುತ್ತದೆ. ಎಲ್ಲ ಕಿತ್ತು ಚೀಲ ಕಟ್ಟಬೇಕು. ಹೆಣ್ಣು ಹೂ ಬಾಯಿಬಿಟ್ಟು ಜೇನು ಒಸರುವಾಗ ಎತ್ತರದ ಮರದ ಹುಡಿ ಊದಬೇಕು. ಅಷ್ಟೇ ಕೆಲಸ," ಎಂದಳು.

ಇಷ್ಟು ವರ್ಷ ಹೂವಿನ ಸಹವಾಸ ಮಾಡಿಯೂ ಅದರಲ್ಲಿ ಗಂಡು ಹೆಣ್ಣು ಉಂಟೆಂದು ಚೆನ್ನಯ್ಯನಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿ ಜಲಜಾಕ್ಷಿಗೆ ಹೇಳಿದರೆ, "ನಿಮಗೆ ಎಂತ ಗೊತ್ತುಂಟು," ಎಂದು ಅವಳು ಅಕ್ಕಿ ಕೇರುವುದನ್ನು ಮುಂದುವರಿಸಿದಳು.

ತೋಟದಲ್ಲಿ ಅವನ ಜತೆಗಾರ ಮೊಗ್ರಾಲಿನ ಕುಂಞ. ಬಾಯಿ ಜೋರು, ಮನಸ್ಸು ಬೆಣ್ಣೆ, ಕೆಲಸ ಸ್ವಲ್ಪ ಅವಸರದ್ದು. ಮರುವರ್ಷ ಜನವರಿಯಲ್ಲಿ ಆಫೀಸಿನಿಂದ ಸುದ್ದಿ ಬಂತು. ಇಬ್ಬರಲ್ಲಿ ಒಬ್ಬನನ್ನೇ ಖಾಯಂ ಮಾಡುತ್ತಾರೆ, ಇನ್ನೊಬ್ಬ ಮನೆಗೆ. ಅಕ್ಕಪಕ್ಕದ ಎರಡು ಮರಗಳಲ್ಲಿ ಇಬ್ಬರಿಗೂ ಪರೀಕ್ಷೆಗೆ ಒಂದೊಂದು ಹೊಂಬಾಳೆ. ಕಾಯಿ ಬಲಿತು, ಬಿತ್ತಿ, ಮೊಳಕೆ ಬಂದ ಮೇಲೆ ತೀರ್ಮಾನ. ಮೊಳಕೆಯ ದಂಟು ಕಂದು ಬಣ್ಣವಾದರೆ ಮಿಶ್ರತಳಿ, ಕೆಲಸ ಶುದ್ಧ. ಕಿತ್ತಳೆ ಬಣ್ಣವಾದರೆ ಮರ ತನ್ನನ್ನೇ ಹೆತ್ತಿದೆ, ಕೆಲಸಗಾರ ಕೆಟ್ಟ. ಯಾರ ಗೊನೆ ಎಂದು ತಿಳಿಯಲು ಗೊನೆಯ ದಂಟಿಗೆ ಕಟ್ಟಿದ ತಗಡಿನ ಬಿಲ್ಲೆ: ಚೆನ್ನಯ್ಯನದು ಏಳು, ಕುಂಞನದು ಒಂಬತ್ತು. ಬೇರೆ ಲೆಕ್ಕವಿಲ್ಲ, ಬಿಲ್ಲೆ ಹೇಳಿದ್ದೇ ಸತ್ಯ.

ಆ ಬೆಳಿಗ್ಗೆ ಚೆನ್ನಯ್ಯ ಏಣಿ ಹತ್ತಿ ಒಂದೊಂದೇ ಮೊಗ್ಗು ಬಿಡಿಸಿದ. ಕೊನೆಯ ಎಳೆಗೆ ಬಂದಾಗ ಕೈ ನಿಂತಿತು. ಬದುಕಿನ ಪ್ರಶ್ನೆ ಇದು, ಇವತ್ತೇ ಮರವನ್ನು ಪೂರಾ ಬೋಳಿಸುವುದೇ? ಅಪ್ಪನ ಮಾತು ಮೀರಿದರೆ ಒಳ್ಳೆಯದಾಗಲಿಕ್ಕುಂಟಾ? ಎಳೆಯ ತುತ್ತತುದಿಯಲ್ಲಿ ನಾಲ್ಕೇ ನಾಲ್ಕು ಮೊಗ್ಗು ಬಿಟ್ಟ. ಚೀಲ ಕಟ್ಟಿದ. ಪಂಕಜಾಕ್ಷಿ ಬಂದು ಗಂಟಿಗೆ ಅರಗಿನ ಮುದ್ರೆ ಒತ್ತಿದಳು.

ಚೆನ್ನಯ್ಯ ಕೆಳಗಿಳಿದಾಗ ಕುಂಞ, ಕೆಲಸ ಕಲಿಸಿದ್ದಕ್ಕೆ ಎಲ್ಲರೂ ಟೀಚರ್ ಎಂದು ಕರೆಯುವ ಅವಳಲ್ಲಿ, ತಮಾಷೆಗೆ ಕೇಳುತ್ತಿದ್ದ: "ಒಂದು ಮೊಗ್ಗು ಉಳಿದರೆ ಎಂತ ಮಹಾ ಆಗುತ್ತದೆ ಟೀಚರೇ?"

"ಒಂದು ಮೊಗ್ಗಿನಲ್ಲಿ ಲಕ್ಷಗಟ್ಟಲೆ ಹುಡಿಕಣ ಉಂಟು ಮಾರಾಯ. ಒಂದು ಹೂವಿಗೆ ಒಂದು ಕಣ ಸಾಕು."

ಚೆನ್ನಯ್ಯ ತಲೆಯೆತ್ತಿ ಮೇಲಿನ ಚೀಲ ನೋಡಿದ. ಮುದ್ರೆ ಒಡೆದರೆ ಸಿಕ್ಕಿಬೀಳುತ್ತಾನೆ, ಒಡೆಯದಿದ್ದರೆ ಕಿತ್ತಳೆ ಮೊಳಕೆ. ಆಗಲೇ ಬಾಯಿಬಿಟ್ಟು ಹೇಳಿದ್ದರೆ ಬೇರೊಂದು ಹೊಂಬಾಳೆ ಕೊಡುತ್ತಿದ್ದಳೋ ಏನೋ. ಹೇಳಲಿಲ್ಲ.

ಮರುದಿನ ಚೀಲದ ಪಾರದರ್ಶಕ ಕಿಟಕಿಯಲ್ಲಿ ಇಣುಕಿದ. ನಾಲ್ಕೂ ಮೊಗ್ಗು ಅರಳಿ ಹಳದಿ ಹುಡಿ ಸುರಿಸುತ್ತಿದ್ದವು. ಮೂರನೇ ದಿನಕ್ಕೆ ಉದುರಿ ಚೀಲದ ತಳದಲ್ಲಿ ಬಿದ್ದಿದ್ದವು. ಹೆಣ್ಣು ಹೂಗಳು ಬಾಯಿಬಿಟ್ಟದ್ದು ಹನ್ನೆರಡನೇ ದಿನ. ಹತ್ತಿ ತುರುಕಿದ್ದ ಚೀಲದ ಸಣ್ಣ ತೂತಿನಿಂದ ಎತ್ತರದ ಮರದ ಹುಡಿ ಊದಿದ. ಚೀಲ ಬಿಚ್ಚುವ ದಿನ ಒಣಗಿದ ಹೂಗಳನ್ನು ಯಾರೂ ನೋಡದಂತೆ ಬಾಯಿಗೆ ಹಾಕಿಕೊಂಡು ನುಂಗಿದ. ಅಂಥ ಭಯ.

ಆಮೇಲೆ ಕಾಯುವುದು. ಮನುಷ್ಯರ ಬಸುರಿಗೆ ಒಂಬತ್ತು ತಿಂಗಳಾದರೆ ತೆಂಗಿನಕಾಯಿಗೆ ಹನ್ನೊಂದು, ಹನ್ನೆರಡು. ಗೊನೆಯಲ್ಲಿ ಹನ್ನೊಂದು ಕಾಯಿ ನಿಂತವು. ಮಿಡಿಗಳು ದಪ್ಪವಾದಷ್ಟೂ ಚೆನ್ನಯ್ಯ ಸಪೂರವಾದ. ಉಣ್ಣುವಾಗ ತುತ್ತು ಕೈಯಲ್ಲೇ ಉಳಿಯುತ್ತಿತ್ತು. "ನಿಮಗೆ ಎಂತ ಆಗಿದೆ?" ಎಂದು ಜಲಜಾಕ್ಷಿ ಕೇಳಿದರೆ, "ಎಂತ ಇಲ್ಲ, ಸೆಕೆ," ಎನ್ನುತ್ತಿದ್ದ. ಹೊರಗೆ ಆಷಾಢದ ಮಳೆ ಸುರಿಯುತ್ತಿತ್ತು.

ಕೊಯ್ಲಿಗೆ ನಾಲ್ಕು ದಿನ ಇರುವಾಗ ಕುಂಞ ತಾಯಿಗೆ ಜ್ವರವೆಂದು ಮೊಗ್ರಾಲಿಗೆ ಹೋದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಚೆನ್ನಯ್ಯ ಏಣಿ ಎತ್ತಿದ. ತನ್ನ ಗೊನೆಯ ಏಳರ ಬಿಲ್ಲೆ ಬಿಚ್ಚಿ ಕುಂಞನ ಗೊನೆಗೆ ಕಟ್ಟಿದ, ಒಂಬತ್ತನ್ನು ತಂದು ತನ್ನದಕ್ಕೆ. ಎರಡು ನಿಮಿಷದ ಕೆಲಸ. ಇಳಿದು ಎಲ್ಲರ ಜತೆ ಊಟಕ್ಕೆ ಕುಳಿತ.

ಕಾಯಿ ಕೊಯ್ಯುವವರು ಬೇರೆ ಆಳುಗಳು. ಬಿಲ್ಲೆ ನೋಡಿ ಎರಡು ರಾಶಿ ಮಾಡಿದರು, ಎರಡು ಮಡಿಗಳಲ್ಲಿ ಬಿತ್ತಿದರು, ಮಡಿಯ ತಲೆಗೆ ನಂಬರು ಬರೆದ ಹಲಗೆ ನೆಟ್ಟರು.

ಆಮೇಲಿನ ಮೂರು ತಿಂಗಳು ಹಿಂದಿನ ಹನ್ನೊಂದಕ್ಕಿಂತ ಘೋರ. ಮೊದಲು ಕೆಲಸ ಹೋಗುವ ಭಯ ಒಂದೇ ಇತ್ತು. ಈಗ ಕುಂಞನ ಮುಖ ನೋಡುವ ಭಯವೂ ಸೇರಿತು. ಅವನೋ, ಮನೆಯಿಂದ ತಂದ ಹುರಿದ ಮೀನಿನಲ್ಲಿ ದೊಡ್ಡ ತುಂಡನ್ನು ಇವನ ಎಲೆಗೇ ಹಾಕುತ್ತಿದ್ದ. ಒಂದೊಂದು ಸಲ ಹೇಳಿಬಿಡಬೇಕೆಂದು ಬಾಯಿ ತೆರೆಯುವುದು, ಮತ್ತೆ ಮುಚ್ಚುವುದು. ಕಾಯಿಯೊಳಗೆ ಮೊಳಕೆ ತಿರುಳನ್ನು ತಿನ್ನುತ್ತ ಬೆಳೆಯುತ್ತದೆಂದು ಪಂಕಜಾಕ್ಷಿ ಒಮ್ಮೆ ಹೇಳಿದಾಗ ಅವನು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ.

ಏಪ್ರಿಲಿನಲ್ಲಿ ಸಿಪ್ಪೆ ಸೀಳಿ ಮೊಳಕೆಗಳು ಎದ್ದವು. ಪಂಕಜಾಕ್ಷಿ ಇಬ್ಬರನ್ನೂ ಮಡಿಯ ಹತ್ತಿರ ಕರೆದಳು. ಚೆನ್ನಯ್ಯ ಮೊದಲು ನೋಡಿದ್ದು ಒಂಬತ್ತನೆಯ ಹಲಗೆಯ ಹಿಂದೆ. ಹನ್ನೊಂದು ಗಿಡ, ಹನ್ನೊಂದೂ ಕಂದು. ಒಂದರಲ್ಲೂ ಕಿತ್ತಳೆಯ ಸುಳಿವಿಲ್ಲ.

ಆಮೇಲೆ ಏಳನೆಯ ಹಲಗೆ. ಒಂಬತ್ತು ಗಿಡಗಳಲ್ಲಿ ಐದು ಕಿತ್ತಳೆ.

"ಕುಂಞನದು ಚೊಕ್ಕ," ಎಂದಳು ಪಂಕಜಾಕ್ಷಿ. "ಚೆನ್ನಯ್ಯ, ನಿಮ್ಮ ಕೈಯಲ್ಲಿ ಹೀಗಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಬೇಜಾರಾಗುತ್ತದೆ."

ಚೆನ್ನಯ್ಯ ಮತ್ತೊಮ್ಮೆ ಎರಡೂ ಹಲಗೆ ನೋಡಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: "ಟೀಚರೇ, ಎಳೆಯ ತುದಿಯಲ್ಲಿ ನಾಲ್ಕು ಗಂಡು ಮೊಗ್ಗು ಉಳಿದರೆ?"

"ತುತ್ತತುದಿಯದ್ದಾ? ಅದು ಎಲ್ಲಕ್ಕಿಂತ ಮೊದಲು ಅರಳುವುದು. ಹೆಣ್ಣು ಹೂ ಬಾಯಿಬಿಡುವಾಗ ಅದರ ಹುಡಿ ಸತ್ತು ವಾರವಾಗಿರುತ್ತದೆ. ಅದರಿಂದ ಹಾಳಾಗುವುದು ಕಡಿಮೆ. ಇದು ಹಾಗಲ್ಲ, ಚೀಲದೊಳಗೆ ಅಕ್ಕಪಕ್ಕದ ಗಿಡ್ಡ ಮರಗಳ ಹುಡಿ ಹೋಗಿದೆ."

ಅವಳು ಆಫೀಸಿಗೆ ಹೋದ ಮೇಲೆ ಕುಂಞ ಹತ್ತಿರ ಬಂದು ಅವನ ಕೈ ಹಿಡಿದ. ಕುಂಞನ ಕಣ್ಣು ತುಂಬಿತ್ತು.

"ನಿನ್ನಲ್ಲಿ ಮಾತ್ರ ಹೇಳುತ್ತೇನೆ ಮಾರಾಯ. ನನ್ನ ಚೀಲವನ್ನು ಇಲಿ ಕಚ್ಚಿತ್ತು. ಬೆರಳು ಹೋಗುವಷ್ಟು ತೂತು. ಹೆದರಿ ಯಾರಲ್ಲೂ ಹೇಳಲಿಲ್ಲ, ನನ್ನ ಕಥೆ ಮುಗಿಯಿತು ಎಂದೇ ಲೆಕ್ಕ ಹಾಕಿದ್ದೆ. ಕೆಲಸ ನಿನಗೇ ಸಿಗಬೇಕಿತ್ತು, ನಿನ್ನ ಹಾಗೆ ಕೆಲಸ ಮಾಡುವವ ಈ ತೋಟದಲ್ಲಿ ಇಲ್ಲ. ಇದು ಹೇಗಾಯಿತೋ ನನಗೆ ಅರ್ಥವೇ ಆಗುವುದಿಲ್ಲ."

ಚೆನ್ನಯ್ಯ ಬಾಯಿ ತೆರೆದ. ಆ ಹನ್ನೊಂದು ಗಿಡ ನನ್ನದು ಎನ್ನಬೇಕಾದರೆ ಅವು ಆ ಹಲಗೆಯ ಹಿಂದೆ ಹೇಗೆ ಹೋದವೆಂದೂ ಹೇಳಬೇಕಿತ್ತು.

"ನಿನ್ನ ಅದೃಷ್ಟ," ಎಂದ. ಏಣಿಯನ್ನು ಶೆಡ್ಡಿಗೆ ಒಯ್ದು ಒರಗಿಸಿಟ್ಟು, ಜಲಜಾಕ್ಷಿಗೆ ಏನೆಂದು ಹೇಳುವುದೆಂದು ಯೋಚಿಸುತ್ತ ಮನೆಯ ಕಡೆ ನಡೆದ.