ಬಡಗಿಯ ವಿಮಾನದ ಎಡರೆಕ್ಕೆ

ದರ್ಜಿ ಹೆಂಗಸು ಮದುವೆಯಾಗಿ ಬಂದಾಗ ನಡುಮನೆಯಲ್ಲಿ ಕುರ್ಚಿ ಮಂಚಗಳಿಗೆ ಜಾಗವಿರಲಿಲ್ಲ. ಅಲ್ಲಿ ರೆಕ್ಕೆಯ ಮರದ ಪಟ್ಟಿಗಳು ಅಂಟು ಒಣಗಿಸಿಕೊಳ್ಳುತ್ತಿದ್ದವು. ಗಂಡ ಬಡಗಿ. ಹಳೆಯ ಕಾಲದ ನಕ್ಷೆಯೊಂದನ್ನು ಹಿಡಿದು, ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟಲು ಹೊರಟಿದ್ದ. ಬೀದಿಯವರು ಮುಸಿಮುಸಿ ನಕ್ಕರು. ಅವಳೂ ನಕ್ಕಳು, ನಗುತ್ತಲೇ ರೆಕ್ಕೆಗಳಿಗೆ ಬಟ್ಟೆ ಹೊಲಿದು ಕೊಟ್ಟಳು. ಶಾಲಾಮಕ್ಕಳ ಯೂನಿಫಾರಂ ಹೊಲಿದು ಪಳಗಿದ ಕೈ. ಎಳೆದರೆ ಬಟ್ಟೆ ಹರಿಯಬೇಕೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ. ವಿಮಾನ ಹಾರಿತು. ನಕ್ಕವರೇ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬಂದರು.

ಆಮೇಲೆ ಎಷ್ಟೋ ವರ್ಷ ಅವನು ಅದನ್ನು ಹಾರಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ. ಈ ಸಲದ ಚಳಿಗಾಲದಲ್ಲಿ ವಿಮಾನದ ಶೆಡ್ಡಿನೊಳಗೆ, ಎಡರೆಕ್ಕೆಯ ಪಕ್ಕದಲ್ಲೇ ಕುಸಿದುಬಿದ್ದ. ಲಕ್ವ ಹೊಡೆದು ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಪದ: ಬೇಡ. ನೀರು ಕೊಟ್ಟರೆ ಬೇಡ ಎಂದು ಗಟಗಟ ಕುಡಿಯುತ್ತಿದ್ದ. ಮೊಮ್ಮಗಳನ್ನು ಕಂಡರೂ ಬೇಡ ಎಂದೇ ನಗುತ್ತಿದ್ದ. ಮನೆಯವರು ಆ ಪದವನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟರು.

ವಿಮಾನ ಹಾರಿಸಲು ಬಲ್ಲ ಇನ್ನೊಬ್ಬನೆಂದರೆ ಮೈದುನ. ಅದು ಹಾರುವುದನ್ನು ಕಂಡರೆ ಅಣ್ಣನಿಗೆ ಜೀವ ಬಂದೀತೆಂದು ಭಾನುವಾರಕ್ಕೆ ಗೊತ್ತು ಮಾಡಿದ. ಎಂಜಿನ್ ಓಡಿಸಿ ಸದ್ದು ಕೇಳಿ, ಪರೀಕ್ಷೆಗೆ ಅಷ್ಟು ಸಾಕೆಂದ ಪುಣ್ಯಾತ್ಮ. ಅಂದಿನಿಂದ ಗಂಡನ "ಬೇಡ" ಜೋರಾಯಿತು. ಅವಳಿಗಾದರೂ ಏನು ತೋಚೀತು? ಅವನು ಬಾಯಿ ತೆರೆದಾಗಲೆಲ್ಲ ಒಂದು ಚಮಚ ಗಂಜಿ ಹಾಕಿದಳು.

ಭಾನುವಾರ ಗಾಲಿಕುರ್ಚಿಯನ್ನು ಶೆಡ್ಡಿನ ಬಾಗಿಲಿಗೆ ತಂದರು. ಗಂಡ ಎಡಗೈಯನ್ನು ಎಡರೆಕ್ಕೆಯತ್ತ ಚಾಚಿ "ಬೇಡ" ಎಂದ. ಮೈದುನ ಅದನ್ನು ಖುಷಿಯೆಂದುಕೊಂಡು ಅಣ್ಣನ ಭುಜ ತಟ್ಟಿದ. ಅವಳು ಮಾತ್ರ ಆ ಕೈ ತೋರಿದ ಕಡೆ ನೋಡಿದಳು. ಅವನು ಬಿದ್ದ ಮೇಲೆ, ಆ ರೆಕ್ಕೆಯ ಅಡಿಯಲ್ಲಿ ಬಟ್ಟೆ ಹರಿದದ್ದನ್ನು ಕಂಡು, ಧೂಳು ಒಳಹೋಗದಿರಲೆಂದು ಅವಳೇ ಹೊಲಿದು ಮುಚ್ಚಿದ್ದಳು. ಬೀಳುವಾಗ ಕೈ ತಗುಲಿ ಹರಿದಿರಬೇಕು ಎಂದುಕೊಂಡಿದ್ದಳು. ಕೈ ತಗುಲಿದರೆ ಬಟ್ಟೆ ಅಷ್ಟು ನೇರವಾಗಿ ಹರಿಯುತ್ತದೆಯೇ? ಅದು ಒಳಗೆ ನೋಡಲೆಂದು ಅವನೇ ಚಾಕು ಹಾಕಿ ಸೀಳಿದ್ದು. ದರ್ಜಿಗೆ ಈಗ ಹೊಳೆಯಿತು.

"ಸ್ವಲ್ಪ ತಡಿ," ಎಂದು ಮೈದುನನಿಗೆ ಹೇಳಿ ಕತ್ತರಿ ತಂದಳು. ತನ್ನದೇ ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿದಳು. ಅಂಟು ಪುಡಿಪುಡಿಯಾಗಿ ಉದುರಿ, ಮರದ ಪಟ್ಟಿಯೇ ಕೈಗೆ ಬಂತು.

ಮೈದುನ ನೆಲದ ಮೇಲೆ ಕೂತುಬಿಟ್ಟ. "ಅತ್ತಿಗೆ, ನಾನು ಇದನ್ನ ಹತ್ತೋನಿದ್ದೆ."

ಅವಳು ಗಂಡನ ಮುಂದೆ ಕುಕ್ಕರಿಸಿದಳು. "ರೀ, ಇಷ್ಟು ದಿನ ಇದನ್ನೇ ಹೇಳ್ತಿದ್ರಾ?"

ಹೌದು ಎನ್ನಲು ಅವನು ಹೆಣಗಿದ, ಕಣ್ಣಲ್ಲಿ ನೀರಿಳಿಯಿತು. "ಬೇಡ," ಎಂದ.

ಬೆಳಗ್ಗೆ ಅವಳು ತುರುಕಿದ್ದ ಗಂಜಿ ಅವನ ಗಲ್ಲದ ಮೇಲೆ ಒಣಗಿತ್ತು. ಅದನ್ನು ಅಂಗೈಯಿಂದ ಒರೆಸಿದಳು.