ಬೋಟು ಯಾಕೆ ಮಗುಚಿತು

ಸುಕೇಶನ ಎದುರು ಚಹಾ ಇಟ್ಟರೆ ಅದು ತಣ್ಣಗಾಗುವುದು ಗ್ಯಾರಂಟಿ. ಮೊದಲು ಅವನು ಅದರಲ್ಲಿ ಏನಾದರೊಂದನ್ನು ತೇಲಿಸಲೇಬೇಕು. ಪೆನ್ನಿನ ಮುಚ್ಚಳ, ಬಿಸ್ಕತ್ತಿನ ಚೂರು, ಏನೂ ಸಿಗದಿದ್ದರೆ ಬಸ್ ಟಿಕೆಟ್ಟನ್ನೇ ಮಡಚಿ ಮಾಡಿದ ದೋಣಿ. ಅದರ ಮೇಲೆ ಸಕ್ಕರೆ ಕಾಳು ಹೇರುತ್ತಾ ಹೋಗುವನು. ದೋಣಿ ವಾಲಿದ ಕಡೆಗೆ ತಾನೂ ತಲೆ ವಾಲಿಸಿ, ಅದು ಮುಳುಗುವವರೆಗೆ ಉಸಿರು ಬಿಗಿಹಿಡಿದು ನೋಡುವನು. ಮಣಿಪಾಲದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿನಲ್ಲಿ ಇದು ದಿನನಿತ್ಯದ ತಮಾಷೆ. ನಾನೂ ನಗುತ್ತಿದ್ದೆ, ಕಾರಣ ತಿಳಿಯುವ ತನಕ.

ಅವನು ಕಾಪುವಿನ ಮೀನುಗಾರರ ಮನೆಯವನು. ಅಣ್ಣ ಗಣೇಶ ಬೋಟಿಗೆ ಹೋಗುತ್ತಿದ್ದ. ಸುಕೇಶ ಪಿಯುಸಿಯಲ್ಲಿದ್ದಾಗ ಒಂದು ಬೆಳಿಗ್ಗೆ, ಮೀನು ತುಂಬಿಕೊಂಡು ಮರಳುತ್ತಿದ್ದ ಆ ಬೋಟು ದಡ ಕಾಣುವಷ್ಟು ಹತ್ತಿರ ಬಂದು, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮಗುಚಿತು. ಉಳಿದವರು ಈಜಿ ಬಂದರು. ಗಣೇಶ ಸಿಗಲೇ ಇಲ್ಲ.

ಇದನ್ನು ಸುಕೇಶ ನನಗೆ ಹೇಳಿದ್ದು ಕಾರ್ಕಳದ ಬಸ್ಸಿಗೆ ನನ್ನ ಜೊತೆ ಕಾಯುತ್ತಾ ನಿಂತಿದ್ದಾಗ. ಅಣ್ಣನ ಮೊಬೈಲ್ ನಂಬರಿಗೆ ಅವನು ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದ. "ಬಿಟ್ಟರೆ ಆ ನಂಬರು ಬೇರೆ ಯಾರಿಗೋ ಹೋಗ್ತದೆ. ನಾನು ಫೋನು ಮಾಡಿದಾಗ ಯಾರಾದರೂ ಹಲೋ ಅಂದ್ರೆ ಎಂತ ಮಾಡುವುದು?" ಎಂದ. ಅದು ಸ್ವಿಚ್ ಆಫ್ ಆಗಿದೆ ಎಂದು ಹೇಳುವ ಹೆಂಗಸಿನ ದನಿಯನ್ನು ಅವನು ಕೊನೆಯವರೆಗೂ ಕೇಳಿಯೇ ಫೋನು ಇಡುತ್ತಿದ್ದ.

ಕೊನೆಯ ವರ್ಷ ಅವನಿಗೆ ಮುಂದಿನ ಓದಿಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಉತ್ತರ ಭಾರತದ ದೊಡ್ಡ ಸಂಸ್ಥೆ. ಗಾಳಿಯಂತ್ರದ ರೆಕ್ಕೆಗಳ ಮೇಲೆ ಸಂಶೋಧನೆ. ಶುಲ್ಕವಿಲ್ಲ, ಮೇಲಿಂದ ತಿಂಗಳು ತಿಂಗಳು ಫೆಲೋಶಿಪ್. ಇನ್ನೊಂದು ಯುರೋಪಿನ ಒಂದು ಬಂದರು ನಗರದಲ್ಲಿ, ಹಡಗು ಮತ್ತು ಬೋಟುಗಳ ವಿನ್ಯಾಸದ ಓದು. ಅಲ್ಲಿ ಎಲ್ಲ ಖರ್ಚೂ ತನ್ನದೇ. ಕ್ಲಾಸಿನಲ್ಲಿ ಯಾರನ್ನು ಕೇಳಿದರೂ ಮೊದಲನೆಯದನ್ನೇ ಹೇಳುತ್ತಿದ್ದರು. ನಾನೂ ಹೇಳಿದೆ.

ಒಂದು ಭಾನುವಾರ ಅವನ ಅಮ್ಮ ಜಲಜಕ್ಕ ನನ್ನನ್ನು ಕಾಪುವಿನ ಮನೆಗೆ ಕರೆಸಿಕೊಂಡರು. ಕಟಪಾಡಿಯಲ್ಲಿ ಮೀನು ಮಾರುವ ಗಟ್ಟಿ ಹೆಂಗಸು ಅವರು. ಅವತ್ತು ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

"ನೀನಾದರೂ ಹೇಳು ಮಗಾ. ಹಣದ ಮಾತಲ್ಲ. ಒಬ್ಬನನ್ನು ನೀರಿಗೆ ಕೊಟ್ಟಾಯಿತು. ಇವನಾದರೂ ನೆಲದ ಮೇಲಿನ ವಿದ್ಯೆ ಕಲಿಯಲಿ."

ನಾನು ಬಾಯಿ ತೆರೆಯುವ ಮೊದಲೇ ಸುಕೇಶ ನನ್ನ ಕಡೆ ತಿರುಗಿ ಹೇಳಿದ: "ಅಲ್ಲಿ ಎಲ್ಲ ಫ್ರೀ ಉಂಟು, ಹೌದು. ಆದರೆ ನಾನು ಕೇಳಬೇಕಾದ ಪ್ರಶ್ನೆ ಅಲ್ಲಿ ಇಲ್ಲ ಮಾರಾಯ್ತಿ. ಅಷ್ಟು ಶಾಂತ ಇದ್ದ ನೀರಲ್ಲಿ ಬೋಟು ಯಾಕೆ ಮಗುಚಿತು? ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದು ಗೊತ್ತಾಗದೆ ನಾನು ಬೇರೆ ಎಂತ ಓದಲಿ?"

ಜಲಜಕ್ಕ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಕಟಪಾಡಿಯ ಭಾವ, ಅಂದರೆ ಸುಕೇಶನ ಅಕ್ಕನ ಗಂಡ, ತನ್ನ ಮನೆಯನ್ನೇ ಬ್ಯಾಂಕಿಗೆ ಅಡವಿಟ್ಟು ಸಾಲ ಮಾಡಿಸಿಕೊಟ್ಟರು. ಸುಕೇಶ ಹೊರಟುಹೋದ. ಮೊದಮೊದಲು ಅವನ ಫೋನುಗಳು ಹಬ್ಬದಂತಿದ್ದವು. ಅಲ್ಲಿ ಈಜುಕೊಳದಷ್ಟು ಉದ್ದದ ತೊಟ್ಟಿ ಉಂಟಂತೆ, ಅದರಲ್ಲಿ ಬೇಕಾದ ಹಾಗೆ ಅಲೆ ಎಬ್ಬಿಸುತ್ತಾರಂತೆ. "ನನ್ನ ಚಹಾ ಗ್ಲಾಸು ದೊಡ್ಡದಾಯಿತು ಅಷ್ಟೇ" ಎಂದು ನಗುತ್ತಿದ್ದ. ಆಮೇಲೆ ಆ ನಗು ಕಡಿಮೆಯಾಯಿತು. ಓದು ಮುಗಿದ ಮೇಲೆ, ನಮ್ಮ ಕಡೆಯ ಬೋಟುಗಳ ಕೆಲಸ ಮಾಡುತ್ತೇನೆ ಎಂದು ಹೊರಟಿದ್ದವನು ಅಲ್ಲಿಯೇ ಹಡಗು ಕಟ್ಟುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡ. ಭಾವನ ಮನೆ ಬಿಡಿಸಬೇಕಿತ್ತಲ್ಲ.

ಕಳೆದ ವರ್ಷ ರಜೆಗೆ ಬಂದಾಗ ಫೋನು ಮಾಡಿದ. ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಕೂತೆವು. ದೂರದಲ್ಲಿ ಬೋಟುಗಳು ಹೋಗುತ್ತಿದ್ದವು. ಅವನು ಅವುಗಳಿಗೆ ಬೆನ್ನು ಹಾಕಿ ಕೂತಿದ್ದ.

"ನೋಡ್ಲಿಕ್ಕೆ ಆಗುವುದಿಲ್ಲ," ಎಂದ. "ನೋಡಿದ ಕೂಡಲೇ ಯಾವುದು ಮಗುಚುತ್ತದೆ ಅಂತ ಗೊತ್ತಾಗ್ತದೆ."

ನಾನು ಕೇಳದಿದ್ದರೂ ಹೇಳಿದ: "ಅಣ್ಣನ ಬೋಟಿನ ಮೇಲ್ಗಡೆ ಒಂದು ಕೋಣೆ ಇತ್ತು. ಬಿಸಿಲು ತಾಗದ ಹಾಗೆ ನಾಲ್ಕು ಜನ ಮಲಗಬಹುದಿತ್ತು. ಮಾಲಕರ ಹತ್ತಿರ ಹಟ ಮಾಡಿ ಅದನ್ನು ಕಟ್ಟಿಸಿದ್ದೇ ಅಣ್ಣ. ಅಮ್ಮನನ್ನು ಕರಕೊಂಡು ಹೋಗಿ ತೋರಿಸಿದ್ದ. ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ನಾನು ಲೆಕ್ಕ ಹಾಕಿದೆ. ಬೇರೆ ಬೇರೆ ರೀತಿ ಹಾಕಿದೆ. ಮೇಲೆ ಆ ಕೋಣೆಯ ಭಾರ ಇಲ್ಲದಿದ್ದರೆ ಬೋಟು ವಾಲಿ, ಪುನಃ ಎದ್ದು ನಿಲ್ಲುತ್ತಿತ್ತು."

ಅವನು ಎದ್ದು, ಬೋಟುಗಳ ಕಡೆ ತಿರುಗಿ ನೋಡದೆ ಬಂಡೆ ಇಳಿದ.

ಅಲ್ಲಿಂದ ಕಟಪಾಡಿಗೆ, ಅವನ ಅಕ್ಕನ ಮನೆಗೆ ಹೋದೆವು. ಜಲಜಕ್ಕ ಈಗ ಅಲ್ಲೇ ಇದ್ದಾರೆ. ಮಟ್ಟುಗುಳ್ಳ ಬದನೆಗೆ ಒಣ ಸಿಗಡಿ ಹಾಕಿದ ಪದಾರ್ಥ ಮಾಡಿದ್ದರು. ಮಗನ ತಟ್ಟೆಗೆ ಬಡಿಸುತ್ತಾ, ಸೌಟು ಹಾಗೇ ಹಿಡಿದು ಕೇಳಿದರು: "ಅಷ್ಟೆಲ್ಲ ಓದಿದಿಯಲ್ಲ ಮಗಾ, ಅವತ್ತು ಎಂತ ಆದದ್ದು ಅಂತ ಗೊತ್ತಾಯಿತಾ?"

ಸುಕೇಶ ತಲೆಯೆತ್ತಿ ತಾಯಿಯ ಮುಖ ನೋಡಿದ.

"ದೊಡ್ಡ ಅಲೆ ಅಮ್ಮ. ಅಂಥಾದ್ದು ಯಾವಾಗಲೋ ಒಮ್ಮೆ ಬರ್ತದೆ. ಯಾರಿಂದಲೂ ಎಂತ ಮಾಡ್ಲಿಕ್ಕೂ ಆಗುವುದಿಲ್ಲ."

"ಹಾಗಾ," ಎಂದರು ಅವರು. ಇನ್ನೊಂದು ಸೌಟು ಬಡಿಸಿದರು. ಅವನು ಒಂದು ಅಗುಳೂ ಬಿಡದೆ ಉಂಡ.

ಆಮೇಲೆ ಅವನು ಊರಿಗೆ ಬಂದಿಲ್ಲ. ಹಣ ಬರುತ್ತದೆ. ನನಗೆ ಫೋನು ಮಾಡುವುದನ್ನೂ ನಿಲ್ಲಿಸಿದ್ದಾನೆ. ನಾನು ಮಾಡಿದರೆ ಎತ್ತುವುದಿಲ್ಲ.

ಮೊನ್ನೆ ಕಟಪಾಡಿಯಲ್ಲಿ ಬಸ್ಸಿಳಿದಾಗ ಜಲಜಕ್ಕ ಮೀನಿನ ಬುಟ್ಟಿಯ ಹಿಂದಿನಿಂದಲೇ ಕೂಗಿ ಕರೆದರು. "ನಿನಗೆ ಗೊತ್ತಿರಬಹುದು ಮಗಾ. ಊರಿಗೆ ಬರದ ಹಾಗೆ ಅವನಿಗೆ ಅಲ್ಲಿ ಅಂಥ ಕೆಲಸ ಎಂತ?"

"ದೊಡ್ಡ ಹಡಗುಗಳ ಕೆಲಸ ಅಮ್ಮ."

ಅವರು ಬಂಗುಡೆಗಳ ಮೇಲೆ ಐಸಿನ ಪುಡಿ ಹರಡಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ಅಷ್ಟು ದೊಡ್ಡದಾದರೆ ಮಗುಚುವುದಿಲ್ಲ, ಅಲ್ವಾ?"

"ಇಲ್ಲ ಅಮ್ಮ," ಎಂದೆ.