ಮಾತಾಡದ ಕೂಸು ಮತ್ತು ಶನಿವಾರದ ಸಭೆ

ಆ ಶನಿವಾರಗಳು ನಿಜವಾಗಿ ನಡೆದವೋ, ಹರಿಹರಪುರದ ಬಸ್ಸಿನ ಕಿಟಕಿಗೆ ಒರಗಿ ನಾನೇ ಕಂಡ ಕನಸೋ ಎಂದು ಈಗ ಒಮ್ಮೊಮ್ಮೆ ಅನುಮಾನ ಬರುತ್ತದೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು, ಅಷ್ಟೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಕೆಲವು ಪ್ರೈಮರಿ ಟೀಚರುಗಳು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹರಿಹರಪುರದ ಶಾಲೆಯಲ್ಲಿ ಸೇರುತ್ತಿದ್ದೆವು. ಇಲಾಖೆಯ ಸಭೆಯಲ್ಲ, ಹಾಜರಿಯಿಲ್ಲ, ಭತ್ಯೆಯೂ ಇಲ್ಲ. ಪಾಠದಲ್ಲಿ ಎಡವಿದ್ದನ್ನು ಹೇಳಿಕೊಳ್ಳುವುದು, ಅವಲಕ್ಕಿ ತಿನ್ನುವುದು, ಕೊನೇ ಬಸ್ಸು ಹಿಡಿಯುವುದು.

ನಾನು ಬಯಲುಸೀಮೆಯವಳು. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಅಡ್ಡಗದ್ದೆ ಹತ್ತಿರದ ಪುಟ್ಟ ಶಾಲೆಗೆ ನಾನೊಬ್ಬಳೇ ಟೀಚರು. ಏನು ಅನ್ನಲು 'ಎಂತ', ಬರುತ್ತೇನೆ ಅನ್ನಲು 'ಬತ್ತೆ', ಮಕ್ಕಳ ಈ ಮಾತೆಲ್ಲ ನನ್ನ ಕಿವಿಗೆ ಹೊಸದು. ಒಂದನೇ ಕ್ಲಾಸಿನ ಒಂದು ಕೂಸಂತೂ ದಸರಾ ರಜೆ ಮುಗಿದರೂ ನನ್ನೆದುರು ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ಅವಳ ಬಾಯಿ ನಿಲ್ಲುವುದೇ ಇಲ್ಲವಂತೆ. ಮುದ್ದು ಮಾಡಿದೆ, ಗದರಿದೆ, ಊಹೂಂ. ಈ ಕೆಲಸ ನನಗಲ್ಲ ಅನ್ನಿಸಿಬಿಟ್ಟಿತು. ರಾಜೀನಾಮೆ ಕೊಟ್ಟು ಊರಿಗೆ ಹೋಗುತ್ತೇನೆ ಎಂದು ಹೇಳಲಿಕ್ಕೇ ಆ ಸಲ ಸಭೆಗೆ ಹೋದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

ಯಾರೂ ಬುದ್ಧಿ ಹೇಳಲಿಲ್ಲ. ಕೂಸು ಎಲ್ಲಿ ಕೂರುತ್ತದೆ, ಯಾರ ಜೊತೆ ಆಡುತ್ತದೆ ಎಂದೆಲ್ಲ ವಿಚಾರಿಸಿದರು. ಒಬ್ಬ ಮೇಷ್ಟ್ರು, ತಮ್ಮ ಶಾಲೆಯಲ್ಲೂ ಅಂಥವನೇ ಒಬ್ಬ ಮಾಣಿ, ಪುಟ್ಟ ಹುಡುಗ, ಇದ್ದದ್ದನ್ನೂ ತಾವೂ ಸೋತದ್ದನ್ನೂ ಹೇಳಿದರು. ಶೆಟ್ಟಿಕೊಪ್ಪದಿಂದ ಬರುತ್ತಿದ್ದ ಹಿರಿಯ ಟೀಚರು ಮಾತ್ರ ಮೆಲ್ಲಗೆ ಕೇಳಿದರು: "ನೀನು ಒಂದು ದಿನ ಸುಮ್ಮನಿದ್ದು ನೋಡಿದ್ಯಾ ಮಾರಾಯ್ತಿ?"

ನನಗೆ ಸಿಟ್ಟೇ ಬಂತು. ಆದರೂ ಸೋಮವಾರ ಬಾಯಿ ಮುಚ್ಚಿಕೊಂಡೆ. ದಿನವಿಡೀ ಸನ್ನೆಯಲ್ಲೇ ಪಾಠ. ಮಕ್ಕಳು ಮೊದಲು ನಕ್ಕರು, ಆಮೇಲೆ ಅವರೂ ತಣ್ಣಗಾದರು. ಮಂಜು ಕರಗಿ, ಬಿಸಿಲು ಕಿಟಕಿಯಿಂದ ಇಳಿದು ಒಬ್ಬೊಬ್ಬರ ಸ್ಲೇಟಿನ ಮೇಲೂ ತುಸು ಹೊತ್ತು ಕೂತು ಹೋಯಿತು. ಬಳಪದ ಕಿರ್ರು ಸದ್ದು, ಹೊರಗೆ ಯಾವುದೋ ಹಕ್ಕಿ. ನನ್ನ ಶಾಲೆಯ ಸದ್ದು ನನಗೆ ಕೇಳಿಸಿದ್ದೇ ಅವತ್ತು. ಸಂಜೆ ಬಾಗಿಲು ಹಾಕುವಾಗ ಯಾರೋ ಸೆರಗು ಜಗ್ಗಿದ ಹಾಗಾಯಿತು. ತಿರುಗಿದರೆ ಆ ಕೂಸು.

"ಟೀಚರೇ, ನಾಳೆ ಬತ್ರಾ?"

ಮುಂದಿನ ಸಭೆಯವರೆಗೆ ಹೇಗೆ ತಡೆದುಕೊಂಡೆನೋ. ಹರಿಹರಪುರದಲ್ಲಿ ಬಸ್ಸು ಇಳಿದವಳು ಓಡಿಯೇ ಹೋದೆ. ಎಲ್ಲ ಒಂದೇ ಉಸಿರಿಗೆ ಹೇಳಿದೆ. ಶೆಟ್ಟಿಕೊಪ್ಪದ ಟೀಚರು ನನ್ನ ಕೈ ಹಿಡಿದುಕೊಂಡು, ಅದಕ್ಕೆ ನೀನೆಂತ ಹೇಳಿದೆ ಎಂದು ಕೇಳಿದರು.

"ಬತ್ತೆ ಅಂದೆ."